ಬೀದಿಮೂಲೆಯ ಅಂಗಡಿಮನೆ: ವಿಕ್ಟೋರಿಯಾ ಕಾಲದ ಒಂದು ಕಟ್ಟಡದ ಇತಿಹಾಸ

ಬ್ರಿಟನ್ನಿನ ಹಳೆಯ ಕೈಗಾರಿಕಾ ಪಟ್ಟಣಗಳಲ್ಲಿ ಎರಡು ಬೀದಿಗಳು ಕೂಡುವ ಕಡೆ ಒಂದು ಬಗೆಯ ಕಟ್ಟಡ ಇಂದಿಗೂ ಕಾಣಸಿಗುತ್ತದೆ. ನೆಲ ಅಂತಸ್ತಿನಲ್ಲಿ ಎರಡೂ ಬೀದಿಗೆ ಮುಖ ಮಾಡಿದ ಗಾಜಿನ ಅಂಗಡಿ, ಮೂಲೆಯನ್ನು ಓರೆಯಾಗಿ ಕತ್ತರಿಸಿ ಕೂರಿಸಿದ ಬಾಗಿಲು, ಅಂಗಡಿಯ ಹಿಂದೆ ಮತ್ತು ಮೇಲೆ ಅಂಗಡಿಯವರ ಸಂಸಾರ. ವಿಕ್ಟೋರಿಯಾ ರಾಣಿ ಆಳಿದ 1837ರಿಂದ 1901ರವರೆಗಿನ ಅವಧಿಯಲ್ಲಿ ಈ ಅಂಗಡಿಮನೆ ಲಂಡನ್, ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಮ್‌ಗಳ ಕಾರ್ಮಿಕ ಬಡಾವಣೆಗಳಲ್ಲಿ ಹಬ್ಬಿತು. ಸಾಮ್ರಾಜ್ಯದ ಜೊತೆಗೆ ಸಿಡ್ನಿಯಂಥ ಊರುಗಳಿಗೂ ಹೋಯಿತು. ಇದರ ರೂಪವನ್ನು ಯಾವ ಒಬ್ಬ ವಾಸ್ತುಶಿಲ್ಪಿಯೂ ಕಲ್ಪಿಸಿದ್ದಲ್ಲ. ಮೂಲೆ ನಿವೇಶನ ವಾಸದ ಮನೆಗೆ ಒಗ್ಗುತ್ತಿರಲಿಲ್ಲ, ವ್ಯಾಪಾರಕ್ಕೆ ಚೆನ್ನಾಗಿ ಒಗ್ಗುತ್ತಿತ್ತು. ಈ ಎರಡರ ನಡುವಿನ ಹೊಂದಾಣಿಕೆಯಲ್ಲಿ ಕಟ್ಟಡದ ಒಂದೊಂದು ಅಂಗವೂ ರೂಪುಗೊಂಡಿತು.

ಸಾಲುಮನೆಗಳ ಪಟ್ಟಣ

1801ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಸಂಖ್ಯೆ ಸುಮಾರು 89 ಲಕ್ಷ. 1851ಕ್ಕೆ ಅದು 1.79 ಕೋಟಿ, 1901ಕ್ಕೆ 3.25 ಕೋಟಿ ಆಯಿತು. 1851ರ ಜನಗಣತಿಯ ಹೊತ್ತಿಗೆ ಹಳ್ಳಿಗರಿಗಿಂತ ಪಟ್ಟಣಿಗರ ಸಂಖ್ಯೆ ಹೆಚ್ಚಾಗಿತ್ತು. ಗಿರಣಿ, ಬಂದರು, ರೈಲ್ವೆ ಕಾರ್ಖಾನೆಗಳ ಸುತ್ತ ನೆಲೆಸಿದ ಈ ಜನಕ್ಕಾಗಿ ಸಣ್ಣ ಗುತ್ತಿಗೆದಾರರು ಸಾಲುಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರು ಇಲ್ಲವೆ ಮಾರಿದರು. ಒಂದೇ ಅಳತೆಯ ಇಕ್ಕಟ್ಟಾದ ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡು ಬೀದಿಯುದ್ದಕ್ಕೂ ನಿಂತವು.

ಕಾರ್ಮಿಕರ ಕೈಗೆ ಕೂಲಿ ವಾರಕ್ಕೊಮ್ಮೆ ಬರುತ್ತಿತ್ತು. ಮನೆಯಲ್ಲಿ ದಿನಸಿ ಕೂಡಿಡಲು ಜಾಗವಿಲ್ಲ, ಹಾಲು ಬೆಣ್ಣೆ ಕೆಡದಂತೆ ಇಡುವ ಉಪಾಯವಿಲ್ಲ. ಹಾಗಾಗಿ ಚಹಾಪುಡಿ, ಸಕ್ಕರೆ, ಮೇಣದಬತ್ತಿ, ಸಾಬೂನುಗಳನ್ನು ದಿನದಿನಕ್ಕೆ ಬೇಕಾದಷ್ಟೇ ಕೊಳ್ಳುವುದು ರೂಢಿಯಾಯಿತು. ಇಂಥ ಚಿಲ್ಲರೆ ಖರೀದಿಗೆ ಊರ ನಡುವಿನ ಪೇಟೆಗೆ ಹೋಗುವುದು ಆಗದ ಮಾತು. ಬೇಕಾಗಿದ್ದು ನಾಲ್ಕು ಹೆಜ್ಜೆ ನಡೆದರೆ ಸಿಗುವ, ಶನಿವಾರದ ಬಟವಾಡೆಯವರೆಗೆ ಸಾಲ ಬರೆದುಕೊಳ್ಳುವ ಅಂಗಡಿ.

ಅದು ಮೂಲೆಯಲ್ಲೇ ನೆಲೆಗೊಳ್ಳಲು ಎರಡು ಕಾರಣ. ಮೊದಲನೆಯದು ವ್ಯಾಪಾರದ್ದು: ಮೂಲೆ ಅಂಗಡಿಗೆ ಎರಡು ಬೀದಿಗಳ ಗಿರಾಕಿಗಳು, ಎರಡು ದಿಕ್ಕಿನ ನೋಟ. ಎರಡನೆಯದು ನಿವೇಶನದ್ದು. ಸಾಲಿನ ನಡುವಿನ ಮನೆಗೆ ಮುಂದೆ ಬೀದಿ, ಹಿಂದೆ ಹಿತ್ತಲು. ಆದರೆ ಸಾಲು ತಿರುಗುವ ಮೂಲೆಯಲ್ಲಿ ಎರಡು ಮಗ್ಗುಲನ್ನು ಬೀದಿಗಳು, ಉಳಿದೆರಡನ್ನು ನೆರೆಮನೆಗಳು ಹಿಡಿದುಕೊಂಡು ಹಿತ್ತಲಿಗೆ ಒಂದು ತುಂಡು ಜಾಗವಷ್ಟೇ ಉಳಿಯುತ್ತಿತ್ತು. ಮನೆಯಾಗಿ ಕಡಿಮೆ ಬಾಡಿಗೆ ತರುವ ಆ ಜಾಗ ಅಂಗಡಿಯಾದರೆ ಹೆಚ್ಚು ಬಾಡಿಗೆ ತರುತ್ತಿತ್ತು. ಬಡಾವಣೆ ಕಟ್ಟುವಾಗಲೇ ಗುತ್ತಿಗೆದಾರರು ಮೂಲೆಗಳನ್ನು ಅಂಗಡಿಗೆಂದು ತೆಗೆದಿಡುತ್ತಿದ್ದರು. ಅದೇ ಮೂಲೆಗಳ ಮೇಲೆ ಹೆಂಡದಂಗಡಿಗಳ ಕಣ್ಣೂ ಇತ್ತು. 1830ರ ಬಿಯರ್ ಕಾಯಿದೆ ಸಣ್ಣ ಶುಲ್ಕಕ್ಕೆ ಬಿಯರ್ ಮಾರುವ ಪರವಾನಗಿ ಕೊಟ್ಟಿದ್ದರಿಂದ ಎಷ್ಟೋ ಕೂಡುರಸ್ತೆಗಳಲ್ಲಿ ಒಂದು ಮೂಲೆ ಪಬ್‌ಗೆ ಹೋದರೆ ಎದುರು ಮೂಲೆ ದಿನಸಿ ಅಂಗಡಿಗೆ ಹೋಯಿತು.

1875ರ ಸಾರ್ವಜನಿಕ ಆರೋಗ್ಯ ಕಾಯಿದೆ ಮತ್ತು ಅದರ ಬೆನ್ನಿಗೇ 1877ರಲ್ಲಿ ಹೊರಬಿದ್ದ ಮಾದರಿ ಉಪನಿಯಮಗಳು ಈ ಲೆಕ್ಕಾಚಾರವನ್ನು ಇನ್ನಷ್ಟು ಬಿಗಿಗೊಳಿಸಿದವು. ಮಾದರಿಯಂತೆ 100 ಅಡಿಗಿಂತ ಉದ್ದದ ಹೊಸ ಬೀದಿ 36 ಅಡಿ ಅಗಲವಿರಬೇಕು, ಮನೆಯ ಹಿಂದೆ ಕನಿಷ್ಠ 150 ಚದರ ಅಡಿ ಬಯಲು ಬಿಡಬೇಕು, ಕೋಣೆಯ ನೆಲದ ಹತ್ತನೇ ಒಂದು ಪಾಲಿನಷ್ಟು ಕಿಟಕಿ ಇರಬೇಕು. ಈ ನಿಯಮಗಳನ್ನು ಒಪ್ಪಿಕೊಂಡ ಪಟ್ಟಣಗಳಲ್ಲಿ ಪಟ್ಟಿ ಹಿಡಿದು ಗೀಟೆಳೆದಂಥ ಬೀದಿಗಳು ಹುಟ್ಟಿದವು. ಬೀದಿಗಳು ನೇರವಾದಷ್ಟೂ ಕೂಡುರಸ್ತೆಗಳು ಹೆಚ್ಚಿದವು, ಅವುಗಳೊಂದಿಗೆ ಮೂಲೆ ಅಂಗಡಿಗಳೂ ಹೆಚ್ಚಿದವು.

ಗಾಜು ಅಗ್ಗವಾದ ಕಥೆ

ವಿಕ್ಟೋರಿಯಾಗೆ ಮುಂಚಿನ ಅಂಗಡಿಯ ಕಿಟಕಿ ಸಣ್ಣ ಸಣ್ಣ ಗಾಜಿನ ಚೌಕಗಳದು. ಆಗ ಬಳಕೆಯಲ್ಲಿದ್ದ ಕ್ರೌನ್ ಗಾಜನ್ನು ಊದಿ, ಗಿರ್ರನೆ ತಿರುಗಿಸಿ ತಟ್ಟೆಯಂತೆ ಹರಡುತ್ತಿದ್ದರು. ತಟ್ಟೆಯ ನಡುವಿನ ಗಂಟನ್ನು ಬಿಟ್ಟು ಉಳಿದದ್ದರಲ್ಲಿ ದೊಡ್ಡ ಹಾಳೆ ಕತ್ತರಿಸುವುದು ಸಾಧ್ಯವಿರಲಿಲ್ಲ. 18ನೇ ಶತಮಾನದ ನಡುವಿನಿಂದ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ಅಬಕಾರಿ ಸುಂಕವೂ ಇತ್ತು. ತೆಳ್ಳಗಿನ ಕ್ರೌನ್ ಗಾಜೇ ಬಹುಕಾಲ ಮೇಲುಗೈ ಪಡೆದಿದ್ದಕ್ಕೆ ಈ ಸುಂಕವೂ ಒಂದು ಕಾರಣ. ಕಿಟಕಿಯನ್ನು ಬಿಲ್ಲಿನಂತೆ ಬೀದಿಗೆ ಚಾಚುವುದಕ್ಕೂ ಮಿತಿಯಿತ್ತು. ಲಂಡನ್ನಿನ 1774ರ ಕಟ್ಟಡ ಕಾಯಿದೆ ಅಗಲ ಬೀದಿಗಳಲ್ಲಿ 10 ಅಂಗುಲ, ಕಿರುಬೀದಿಗಳಲ್ಲಿ 5 ಅಂಗುಲಕ್ಕಿಂತ ಹೆಚ್ಚು ಚಾಚದಂತೆ ಕಟ್ಟುಮಾಡಿತ್ತು.

1832ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಸ್ಮೆದಿಕ್‌ನ ಚಾನ್ಸ್ ಬ್ರದರ್ಸ್ ಸುಧಾರಿಸಿದ ಉರುಳೆ ಗಾಜಿನ ವಿಧಾನವನ್ನು ಬ್ರಿಟನ್ನಿಗೆ ತಂದರು. ಗಾಜನ್ನು ಉದ್ದನೆಯ ಕೊಳವೆಯಂತೆ ಊದಿ, ಸೀಳಿ, ಕುಲುಮೆಯಲ್ಲಿ ಬಿಡಿಸಿದರೆ ದೊಡ್ಡ ಹಾಳೆಯೇ ಸಿಗುತ್ತಿತ್ತು. ಗಾಜಿನ ಸುಂಕ 1845ರಲ್ಲಿ, ಇಟ್ಟಿಗೆಯ ಸುಂಕ 1850ರಲ್ಲಿ, ಮನೆಗಳ ಕಿಟಕಿ ತೆರಿಗೆ 1851ರಲ್ಲಿ ರದ್ದಾದವು. ಅದೇ 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸ್‌ಗೆ ಚಾನ್ಸ್ ಬ್ರದರ್ಸ್ ಸುಮಾರು 3 ಲಕ್ಷ ಗಾಜಿನ ಹಾಳೆ ಒದಗಿಸಿದರು. ಅಚ್ಚು ಹೊಯ್ದು ಉಜ್ಜಿ ಹೊಳಪು ಕೊಟ್ಟ ಪ್ಲೇಟ್ ಗಾಜಿನ ಬೆಲೆಯೂ ಇಳಿಯತೊಡಗಿತು. ಮೊದಲು ದೊಡ್ಡ ಪೇಟೆಬೀದಿಯ ಜವಳಿ ಅಂಗಡಿಗಳು, ಆಮೇಲೆ ಮೂಲೆಯ ದಿನಸಿ ಅಂಗಡಿಗಳೂ ಹತ್ತಾರು ಚೌಕಗಳ ಕಿಟಕಿ ತೆಗೆದು ಎರಡೋ ನಾಲ್ಕೋ ದೊಡ್ಡ ಹಾಳೆಗಳ ಕಿಟಕಿ ಹಾಕಿಸಿದವು. ಒಂದೇ ಸಾಲಿನಲ್ಲಿ ಯಾವ ಅಂಗಡಿ ಹಳೆಯದು, ಯಾವುದು ಹೊಸದು ಎಂಬುದನ್ನು ಗಾಜಿನ ಹಾಳೆಯ ಅಳತೆಯಿಂದ ಅಂದಾಜು ಮಾಡಬಹುದು.

ಮೂಲೆಯ ಭಾರ ಹೊತ್ತವರು

ಸಾಮಾನ್ಯ ಇಟ್ಟಿಗೆ ಮನೆಯಲ್ಲಿ ಮೂಲೆ ಅತ್ಯಂತ ಗಟ್ಟಿ ಇರಬೇಕಾದ ಜಾಗ. ಎರಡು ಗೋಡೆಗಳು ಒಂದನ್ನೊಂದು ಕಚ್ಚಿ ಹಿಡಿದು ನಿಲ್ಲುವುದು ಅಲ್ಲೇ. ಅಂಗಡಿಗೆ ಬೇಕಾದದ್ದು ಇದಕ್ಕೆ ತೀರಾ ವಿರುದ್ಧ: ಗೋಡೆ ತೆಗೆದು ಮೂಲೆಯನ್ನೇ ಬಯಲು ಮಾಡಿ ಬಾಗಿಲು, ಗಾಜು ಕೂರಿಸಬೇಕು, ಮೇಲಿನ ಒಂದೆರಡು ಅಂತಸ್ತಿನ ಇಟ್ಟಿಗೆ, ಚಾವಣಿಗಳ ಭಾರ ಮಾತ್ರ ಕೆಳಗಿಳಿಯಲೇಬೇಕು. ಈ ಕಟ್ಟಡದ ನಿಜವಾದ ಕಸುಬುದಾರಿಕೆ ಇದ್ದದ್ದು ಇಲ್ಲಿ.

ಅಂಗಡಿಯ ಮುಂಭಾಗದ ಮೇಲೆ, ಒಂದು ಗೋಡೆಗಂಬದಿಂದ ಇನ್ನೊಂದಕ್ಕೆ, ಬ್ರೆಸಮರ್ ಎಂಬ ದಪ್ಪ ತೊಲೆ ಹಾಯಿಸುತ್ತಿದ್ದರು. ಮೇಲಿನ ಗೋಡೆಯೆಲ್ಲ ಕೂರುತ್ತಿದ್ದದ್ದು ಇದರ ಮೇಲೆ. ಮೂಲೆ ಅಂಗಡಿಯಲ್ಲಿ ಎರಡು ಬೀದಿಗೆ ಎರಡು ತೊಲೆಗಳು. ಅವು ಸೇರುವ ತುದಿಯ ಕೆಳಗೆ ಒಂದು ಎರಕದ ಕಬ್ಬಿಣದ ಕಂಬ. ಕಂಬ ತೆಳ್ಳಗಿದ್ದರೂ ಒತ್ತುವ ಭಾರವನ್ನು ಎರಕದ ಕಬ್ಬಿಣ ಚೆನ್ನಾಗಿ ತಾಳಿಕೊಳ್ಳುತ್ತದೆ, ಆದ್ದರಿಂದ ಅದು ಗಿರಾಕಿಯ ಕಣ್ಣಿಗೂ ಕಾಲಿಗೂ ಅಡ್ಡ ಬರುತ್ತಿರಲಿಲ್ಲ. ಬಾಗಿಸುವ ಭಾರಕ್ಕೆ ಅದೇ ಕಬ್ಬಿಣ ಬಿರುಕು ಬಿಡುತ್ತದೆ. ಹಾಗಾಗಿ ತೊಲೆಗೆ ಬಹುಕಾಲ ಮರವನ್ನೇ ಬಳಸಿದರು, ಕೆಲವೆಡೆ ಎರಡು ಮರದ ನಡುವೆ ಕಬ್ಬಿಣದ ತಗಡು ಸೇರಿಸಿ ಬೋಲ್ಟು ಹಾಕಿದರು. ಮರ ಒಣಗಿ ಕುಗ್ಗಿದಲ್ಲೆಲ್ಲ ಮೇಲಿನ ಇಟ್ಟಿಗೆ ಸಾಲು ತಗ್ಗಿತು. ಹಳೆಯ ಅಂಗಡಿಗಳ ಮೊದಲ ಮಹಡಿಯ ಕಿಟಕಿಗಳು ತುಸು ವಾಲಿದಂತೆ ಕಾಣುವುದು ಅನೇಕ ಸಲ ಇದೇ ಕಾರಣಕ್ಕೆ. 1880ರ ದಶಕದಿಂದ ಉಕ್ಕಿನ ತೊಲೆಗಳು ಸುಲಭವಾಗಿ ಸಿಗತೊಡಗಿ ಈ ತೊಂದರೆ ಕಡಿಮೆಯಾಯಿತು.

ಮೂಲೆಯನ್ನು ಓರೆಯಾಗಿ ಕತ್ತರಿಸುವುದರಲ್ಲಿ ಎರಡು ದಾರಿಗಳಿದ್ದವು. ನೆಲದಿಂದ ಸೂರಿನವರೆಗೆ ಇಡೀ ಕಟ್ಟಡವನ್ನೇ ಓರೆ ಮಾಡುವುದು ಒಂದು. ಆಗ ಮೂಲೆಗೊಂದು ಕಿರಿದಾದ ಮೂರನೆಯ ಮುಖ ಸಿಗುತ್ತಿತ್ತು, ಅದರ ಮೇಲಂತಸ್ತಿನಲ್ಲೊಂದು ಕಿಟಕಿಯೋ ಕಲ್ಲಿನಲ್ಲಿ ಕೆತ್ತಿದ ಇಸವಿಯೋ ಇರುತ್ತಿತ್ತು. ನೆಲ ಅಂತಸ್ತನ್ನಷ್ಟೇ ಕತ್ತರಿಸಿ, ಮೇಲಂತಸ್ತಿನ ಚೂಪು ಮೂಲೆಯನ್ನು ಬೋದಿಗೆಕಲ್ಲಿನ ಮೇಲೋ ಬಯಲಲ್ಲಿ ನಿಂತ ಕಂಬದ ಮೇಲೋ ಕೂರಿಸುವುದು ಇನ್ನೊಂದು. ಎರಡನೆಯದರಲ್ಲಿ ಬಾಗಿಲ ಮುಂದೆ ಮಳೆಗೆ ಒಂದಿಷ್ಟು ಮರೆಯೂ ಆಗುತ್ತಿತ್ತು.

ಅಂಗಡಿಯ ಮುಖ

ಅಂಗಡಿಯ ಮುಂಭಾಗವನ್ನು ಬಡಗಿಗಳು ಮಾದರಿ ಪುಸ್ತಕಗಳನ್ನು ನೋಡಿ ಕಟ್ಟುತ್ತಿದ್ದರು. ನಥಾನಿಯಲ್ ವಿಟಾಕ್ 1840ರಲ್ಲಿ ಲಂಡನ್ನಿನ ಅಂಗಡಿ ಮುಂಭಾಗಗಳ ರಚನೆ ಮತ್ತು ಅಲಂಕಾರದ ಮೇಲೆ ಪ್ರಕಟಿಸಿದ ಪುಸ್ತಕ ಇಂಥವುಗಳಲ್ಲೊಂದು. ಗ್ರೀಕ್, ಗಾಥಿಕ್, ಇಟಾಲಿಯನ್ ಎಂದು ಶೈಲಿ ಯಾವುದಿದ್ದರೂ ಅಂಗಗಳು ಅವೇ, ಒಂದೊಂದಕ್ಕೂ ಒಂದು ಕೆಲಸವಿತ್ತು.

ಎರಡೂ ಅಂಚಿನಲ್ಲಿ ನಿಲ್ಲುವ ಮರದ ಅರೆಗಂಬಗಳು ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಇಟ್ಟಿಗೆ ಗೋಡೆಯ ತುದಿಯನ್ನು ಮುಚ್ಚುತ್ತಿದ್ದವು. ಅರೆಗಂಬದ ತಲೆಯ ಮೇಲೆ ಎಲೆಬಳ್ಳಿ ಕೆತ್ತಿದ ಬೋದಿಗೆ ಹೆಸರು ಹಲಗೆಯ ತುದಿಗೆ ಕೊನೆಯ ಗಡಿ. ಅಂಗಡಿಯವರ ಹೆಸರನ್ನು ಬಂಗಾರದ ಅಕ್ಷರದಲ್ಲಿ ಬರೆಸುತ್ತಿದ್ದ ಉದ್ದನೆಯ ಹಲಗೆ, ಅಂದರೆ ಫೇಸಿಯಾ, ಬ್ರೆಸಮರ್ ತೊಲೆಯನ್ನು ಮರೆಮಾಡುತ್ತಿತ್ತು. ಓದಲು ಅನುಕೂಲವಾಗಲೆಂದು ಅದನ್ನು ಬೀದಿಯ ಕಡೆಗೆ ತುಸು ಬಾಗಿಸುವುದೂ ಇತ್ತು. ಅದರ ಮೇಲಿನ ಕಾರ್ನಿಸ್‌ಗೆ ಸೀಸದ ತಗಡು ಹೊದಿಸಿ ಮಳೆನೀರು ಮರದೊಳಗೆ ಇಳಿಯದಂತೆ ಮಾಡುತ್ತಿದ್ದರು. ಬಿಸಿಲಿಗೆ ಬಿಡಿಸುವ ಕ್ಯಾನ್ವಾಸ್ ಮರೆಯ ಸುರುಳಿ ಇರುತ್ತಿದ್ದದ್ದು ಇದೇ ಹಲಗೆಯ ಮಗ್ಗುಲ ಪೆಟ್ಟಿಗೆಯಲ್ಲಿ. ಹೊರಗಿನವರಿಗೆ ಬರಿಯ ಅಲಂಕಾರವೆಂದು ಕಾಣುವುದು ಕಟ್ಟಡದ ಅಸ್ಥಿಪಂಜರಕ್ಕೆ ತೊಡಿಸಿದ ಉಡುಪು.

ಗಾಜಿನ ಕೆಳಗೆ ಮೊಣಕಾಲೆತ್ತರದ ಕಟ್ಟೆ. ಸ್ಟಾಲ್‌ರೈಸರ್ ಎಂದು ಕರೆಯುವ ಈ ಭಾಗ ಗಾಜನ್ನು ಒದೆ, ಕೆಸರು, ಗಾಡಿಗಳು ಚಿಮ್ಮಿಸುವ ಕಲ್ಲುಗಳಿಂದ ಕಾಯುತ್ತಿತ್ತು. ಸರಕನ್ನು ಕಣ್ಣಿನ ಮಟ್ಟಕ್ಕೆ ಎತ್ತಿಯೂ ಕೊಡುತ್ತಿತ್ತು. ಮರದ ಚೌಕಟ್ಟು, ಇಟ್ಟಿಗೆ, ಹೊಳಪಿನ ಹೆಂಚು, ಯಾವುದರಲ್ಲಾದರೂ ಇದನ್ನು ಕಟ್ಟುತ್ತಿದ್ದರು. ನೆಲಮಾಳಿಗೆಗೆ ಗಾಳಿ ಹೋಗಲು ಇದರಲ್ಲೇ ಕಬ್ಬಿಣದ ಜಾಲರಿ. ಕಾಲುದಾರಿಯಲ್ಲಿ ಕಲ್ಲಿದ್ದಲು ಸುರಿಯುವ ಗುಂಡನೆಯ ಎರಕದ ಮುಚ್ಚಳ.

ರಾತ್ರಿ ಕಿಟಕಿ ಮುಚ್ಚಲು ಸಂಖ್ಯೆ ಬರೆದ ಮರದ ಹಲಗೆಗಳಿದ್ದವು. ಬೆಳಿಗ್ಗೆ ತೆಗೆದು ಸಂಜೆ ಒಂದೊಂದಾಗಿ ತೋಡಿಗೆ ಸೇರಿಸಿ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಿಗಿಯುವುದು ಕೆಲಸದ ಹುಡುಗನ ಪಾಲಿನದು. ಆಮೇಲೆ ಸುರುಳಿ ಸುತ್ತುವ ಶಟರ್‌ಗಳು ಬಂದವು. ಬೆಳಕಿಗೆ ಗ್ಯಾಸ್ ದೀಪ. ಒಳಗೆ ಹಚ್ಚಿದರೆ ಶಾಖ, ಮಸಿ, ಬೆಂಕಿಯ ಭಯವಿದ್ದುದರಿಂದ ದೀಪಗಳನ್ನು ಕಿಟಕಿಯ ಹೊರಗೆ ಕಬ್ಬಿಣದ ತೋಳಿಗೆ ತೂಗಿಸಿ ಬೆಳಕನ್ನು ಒಳಮುಖವಾಗಿ ಬೀಳಿಸುವುದು ಸಾಮಾನ್ಯವಾಗಿತ್ತು.

ವ್ಯಾಪಾರ ಬದಲಾದಂತೆ ಮುಖವೂ ಬದಲಾಗುತ್ತಿತ್ತು. ಮಾಂಸದಂಗಡಿಗೆ ಗಾಜಿಗಿಂತ ಗಾಳಿ ಮುಖ್ಯ. ಮೇಲಕ್ಕೆ ಸರಿಯುವ ಕಿಟಕಿ, ಫೇಸಿಯಾದ ಕೆಳಗೆ ಜಾಲರಿ, ಕೊಕ್ಕೆ ತೂಗುವ ಕಂಬಿ, ತೊಳೆಯಲು ಸುಲಭವಾದ ಹೆಂಚಿನ ಗೋಡೆ ಅಲ್ಲಿರುತ್ತಿದ್ದವು. ಮೀನಿನಂಗಡಿಯ ಕಿಟಕಿಯಲ್ಲಿ ನೀರು ಹರಿದುಹೋಗುವಂತೆ ಓರೆಯಾಗಿ ಕೂರಿಸಿದ ಅಮೃತಶಿಲೆ. ಬ್ರೆಡ್ ಸುಡುವವರು ಒಲೆಯನ್ನು ನೆಲಮಾಳಿಗೆಯಲ್ಲೇ ಕಟ್ಟಿಕೊಳ್ಳುವುದು ಮೊದಲಿಗೆ ಸಾಮಾನ್ಯವಾಗಿತ್ತು. ಅಲ್ಲಿನ ಗಾಳಿ, ಕೊಳೆಗಳ ಬಗ್ಗೆ ದೂರು ಹೆಚ್ಚಿದ ಮೇಲೆ 1895ರ ಕಾಯಿದೆ ಹೊಸದಾಗಿ ನೆಲದಡಿಯ ಬೇಕರಿ ತೆರೆಯುವುದನ್ನು ನಿಷೇಧಿಸಿತು.

ಪಕ್ಕದ ಬೀದಿಯ ಕಡೆ ಅಂಗಡಿಯ ಗಾಜು ಒಂದು ಅಂಕಣದಷ್ಟೇ ತಿರುಗಿ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಬರಿ ಇಟ್ಟಿಗೆ ಗೋಡೆ, ಮನೆಯವರ ಬಾಗಿಲು, ಹಿತ್ತಲ ಗೋಡೆ, ಗಾಡಿ ಹೋಗುವ ಗೇಟು. ಆ ದೊಡ್ಡ ಬೋಳು ಗೋಡೆ ಜಾಹೀರಾತಿಗೆ ಒದಗಿತು. 1890ರಲ್ಲಿ ಹೆಸರು ಪಡೆದ ಹೋವಿಸ್ ಬ್ರೆಡ್ಡಿನಂಥ ಸರಕುಗಳ ಬಣ್ಣದ ಬರಹಗಳು ಮಾಸಿದ್ದರೂ ಇಂಥ ಗೋಡೆಗಳ ಮೇಲೆ ಇನ್ನೂ ಓದಲು ಬರುತ್ತವೆ.

ಒಳಗಿನ ಅಂಗಡಿ, ಹಿಂದಿನ ಮನೆ

ಬಾಗಿಲು ತೆರೆದರೆ ಸ್ಪ್ರಿಂಗಿಗೆ ಕಟ್ಟಿದ ಗಂಟೆ ಸದ್ದು ಮಾಡುತ್ತಿತ್ತು. ಮೂಲೆ ಬಾಗಿಲಿಗೆ ಎದುರಾಗಿ ಎಲ್ ಆಕಾರದ ಗಲ್ಲೆ, ಅದರ ಹಿಂದೆ ಸೂರಿನವರೆಗೂ ಕಪಾಟು, ಕೆಳಗೆ ಚೀಟಿ ಹಚ್ಚಿದ ಸಣ್ಣ ಖಾನೆಗಳು. ಗಿರಾಕಿ ತಾನೇ ಸರಕು ಮುಟ್ಟಿ ಆರಿಸುವ ಪದ್ಧತಿ ಇರಲಿಲ್ಲ. ಪೀಪಾಯಿ, ಮೂಟೆ, ಚಹಾಪೆಟ್ಟಿಗೆಗಳಿಂದ ತೆಗೆದು ತೂಗಿ, ಕಾಗದದಲ್ಲಿ ಕಟ್ಟಿ ಕೊಡುವುದು ಅಂಗಡಿಯವರ ಕೆಲಸ. ಆದ್ದರಿಂದ ಗಿರಾಕಿ ನಿಲ್ಲುವ ಜಾಗ ಚಿಕ್ಕದು, ಗಲ್ಲೆಯ ಹಿಂದಿನ ಜಾಗ ದೊಡ್ಡದು. ತೂಕದ ಮೋಸ, ಕಲಬೆರಕೆಗಳ ವಿರುದ್ಧ 1875ರ ಆಹಾರ ಮತ್ತು ಔಷಧ ಮಾರಾಟ ಕಾಯಿದೆ, 1878ರ ತೂಕ-ಅಳತೆ ಕಾಯಿದೆಗಳು ಬಂದ ಮೇಲೆ ಸರಕು, ತಕ್ಕಡಿ, ಬೊಟ್ಟುಗಳ ಸರ್ಕಾರಿ ತಪಾಸಣೆ ಬಿಗಿಯಾಯಿತು.

ಅಂಗಡಿಯ ಹಿಂಗೋಡೆಯಲ್ಲಿ ಗಾಜು ಹಾಕಿದ ಒಂದು ಬಾಗಿಲು. ಆಚೆ ಹಿಂಗೋಣೆ, ಸಂಸಾರ ಹಗಲೆಲ್ಲ ಇರುತ್ತಿದ್ದದ್ದು ಅಲ್ಲೇ. ಊಟ ಮಾಡುತ್ತಲೇ ಗಲ್ಲೆಯ ಮೇಲೆ ಕಣ್ಣಿಡಲು ಆ ಗಾಜು, ಕೇಳಿಸಿಕೊಳ್ಳಲು ಆ ಗಂಟೆ. ಅದರ ಹಿಂದೆ ಪಾತ್ರೆ ಬಟ್ಟೆ ತೊಳೆಯುವ ಕಿರುಕೋಣೆ, ಆಮೇಲೆ ಕಿರಿದಾದ ಅಂಗಳ, ಅದರ ಕೊನೆಗೆ ಶೌಚದ ಗೂಡು. ಮಹಡಿಯಲ್ಲಿ ಮಲಗುವ ಕೋಣೆಗಳು. ಅನುಕೂಲಸ್ಥರಿದ್ದರೆ ಬೀದಿಯ ಕಡೆ ಬೆಳಕು ಚೆನ್ನಾಗಿ ಬೀಳುವ ಕೋಣೆಯನ್ನು ಅತಿಥಿಗಳಿಗೆಂದು ಅಲಂಕರಿಸಿ ಇಡುತ್ತಿದ್ದರು. ಅಟ್ಟದಲ್ಲಿ ಕೆಲಸದ ಹುಡುಗ ಮಲಗುತ್ತಿದ್ದ ಇಲ್ಲವೆ ಸರಕು ಇರುತ್ತಿತ್ತು. ಪಕ್ಕದ ಬೀದಿಗೆ ಬೇರೆ ಬಾಗಿಲು ಇದ್ದಲ್ಲಿ ಮೇಲಂತಸ್ತನ್ನು ಬೇರೊಬ್ಬರಿಗೆ ಬಾಡಿಗೆಗೆ ಕೊಡಲೂ ಅನುಕೂಲ.

ಇಂಥ ಮನೆಯ ಕಷ್ಟವನ್ನು ಬರಹಗಾರ ಎಚ್. ಜಿ. ವೆಲ್ಸ್ ಬಲ್ಲವರಾಗಿದ್ದರು. ಅವರು 1866ರಲ್ಲಿ ಹುಟ್ಟಿದ್ದು ಲಂಡನ್ ಬಳಿಯ ಬ್ರಾಮ್ಲಿಯ ಪೇಟೆಬೀದಿಯಲ್ಲಿ, ಅಟ್ಲಾಸ್ ಹೌಸ್ ಎಂಬ ಪಿಂಗಾಣಿ ಅಂಗಡಿಯ ಮೇಲೆ. ಅದು ಮೂಲೆಯದಲ್ಲ, ಸಾಲಿನದು. ಆದರೆ ಒಳಗಿನ ಏರ್ಪಾಡು ಇದೇ. ಅಡುಗೆಮನೆ ನೆಲದಡಿಯಲ್ಲಿತ್ತು, ಕಾಲುದಾರಿಯ ಜಾಲರಿಯಿಂದ ಬರುವ ಬೆಳಕೇ ಅದಕ್ಕೆ ಬೆಳಕು. ಅಲ್ಲಿ ಕೂತು ಮೇಲೆ ಹಾದುಹೋಗುವವರ ಬೂಟುಗಳನ್ನು ನೋಡುತ್ತಿದ್ದದ್ದನ್ನು ವೆಲ್ಸ್ ಮುಂದೆ ಬಡತನದ ಕುರಿತ ಒಂದು ಪ್ರಬಂಧಕ್ಕೆ ಬಳಸಿಕೊಂಡರು. ಬೀದಿಯ ಮಟ್ಟದ ಅತ್ಯುತ್ತಮ ಜಾಗ ಸರಕಿಗೆ ಮೀಸಲು, ಉಳಿದ ಮೂಲೆಮುಡುಕು ಮನುಷ್ಯರಿಗೆ ಎಂಬುದು ಈ ಬಗೆಯ ಕಟ್ಟಡದ ಒಳಗಿನ ನಿಯಮವಾಗಿತ್ತು.

ಮನೆಗೂ ಅಂಗಡಿಗೂ ನಡುವೆ ಗೋಡೆಯಿದ್ದರೂ ಹೊತ್ತಿನ ಗಡಿ ಇರಲಿಲ್ಲ. ರಾತ್ರಿ ತಡವಾಗಿ ಬಂದ ಗಿರಾಕಿ ಬಾಗಿಲು ಬಡಿದರೂ ತೆರೆಯಬೇಕು. 1886ರ ಕಾಯಿದೆ 18 ವರ್ಷದೊಳಗಿನ ಕೆಲಸಗಾರರ ದುಡಿಮೆಯನ್ನು ವಾರಕ್ಕೆ 74 ಗಂಟೆಗೆ ಮಿತಿಗೊಳಿಸಿತು. ಮಿತಿಯೇ ಅಷ್ಟಿರುವಾಗ ರೂಢಿ ಎಷ್ಟಿದ್ದಿರಬೇಕು ಎಂದು ಊಹಿಸಬಹುದು. ಸ್ವಂತ ಹೆಂಡತಿ ಮಕ್ಕಳನ್ನೇ ದುಡಿಸಿಕೊಳ್ಳುತ್ತಿದ್ದ ಮೂಲೆ ಅಂಗಡಿಗೆ ಆ ಮಿತಿಯೂ ತಾಗಲಿಲ್ಲ.

ರೈಲು ತಂದ ಸಾಮಗ್ರಿ, ಬದಲಾದ ಶೈಲಿ

ಶತಮಾನದ ಮೊದಲ ಭಾಗದಲ್ಲಿ ಆಯಾ ಊರಿನ ಮಣ್ಣೇ ಆಯಾ ಊರಿನ ಇಟ್ಟಿಗೆ. ರೈಲು ಹರಡಿದಂತೆ ಉತ್ತರ ವೇಲ್ಸ್‌ನ ಪೆನ್ರಿನ್, ಡಿನಾರ್ವಿಕ್ ಗಣಿಗಳ ಸ್ಲೇಟು ದೂರದೂರದ ಊರುಗಳ ಚಾವಣಿ ಏರಿತು. 1858ರಲ್ಲಿ ಹಾಫ್‌ಮನ್ ಪೇಟೆಂಟ್ ಪಡೆದ, ಬೆಂಕಿ ಆರದೆ ಸುತ್ತುತ್ತಲೇ ಇರುವ ಗೂಡಿನಿಂದ ಇಟ್ಟಿಗೆ ಅಗ್ಗವಾಯಿತು. ಮುಖ್ಯ ಬೀದಿಗೆ ಒಳ್ಳೆಯ ಇಟ್ಟಿಗೆ, ಪಕ್ಕದ ಬೀದಿಗೆ ಸಾಧಾರಣ ಇಟ್ಟಿಗೆ ಬಳಸಿ ಹಣ ಉಳಿಸಿದ ಗುತ್ತಿಗೆದಾರರ ಜಾಣತನ ಮೂಲೆ ಕಟ್ಟಡಗಳಲ್ಲಿ ಎದ್ದು ಕಾಣುತ್ತದೆ.

1870ರ ದಶಕದ ನಂತರ ಕ್ವೀನ್ ಆ್ಯನ್ ಎಂಬ ಶೈಲಿ ಜನಪ್ರಿಯವಾಯಿತು. ಕೆಂಪು ಇಟ್ಟಿಗೆ, ಟೆರಾಕೋಟಾ ಫಲಕ, ಡಚ್ ಮಾದರಿಯ ಬಾಗು ಮುಕುಟ, ಮೂಲೆಗೊಂದು ಪುಟ್ಟ ಗೋಪುರ ಇದರ ಗುರುತು. ಗೋಪುರದಿಂದ ಅಂಗಡಿ ದೂರಕ್ಕೇ ಕಾಣುತ್ತಿತ್ತು, ಉದ್ದ ಸಾಲಿಗೂ ಒಂದು ಮುಕ್ತಾಯ ಸಿಗುತ್ತಿತ್ತು. ಮೊದಲು ಮನೆಗಳಾಗಿದ್ದ ಕಟ್ಟಡಗಳೂ ಅಂಗಡಿಗಳಾದವು. ಮುಂದಿನ ಕೈತೋಟವನ್ನು ಮುಚ್ಚಿ ಕಾಲುದಾರಿಯವರೆಗೆ ಒಂದಂತಸ್ತಿನ ಅಂಗಡಿ ಕಟ್ಟುವುದು ಲಂಡನ್ನಿನ ಹೆದ್ದಾರಿಗಳಲ್ಲಿ ಸಾಮಾನ್ಯವಾಯಿತು.

ಸಿಡ್ನಿಯ ಸುಸಾನಾ ಪ್ಲೇಸ್

ಈ ಮಾದರಿ ವಲಸೆಗಾರರ ಜೊತೆ ಹೋದ ಕಡೆಗಳಲ್ಲಿ ಸಿಡ್ನಿಯ ದಿ ರಾಕ್ಸ್ ಪ್ರದೇಶದ ಸುಸಾನಾ ಪ್ಲೇಸ್ ಚೆನ್ನಾಗಿ ಉಳಿದಿರುವ ಉದಾಹರಣೆ. ಐರ್ಲೆಂಡಿನಿಂದ ಬಂದ ಎಡ್ವರ್ಡ್ ಮತ್ತು ಮೇರಿ ರೈಲಿ ದಂಪತಿ 1844ರಲ್ಲಿ ಗ್ಲಾಸ್ಟರ್ ಬೀದಿಯಲ್ಲಿ ನಾಲ್ಕು ಇಟ್ಟಿಗೆ ಮನೆಗಳ ಈ ಸಾಲು ಕಟ್ಟಿಸಿದರು. ಮೂಲೆಯ ಮನೆಯ ಮುಂಗೋಣೆ ದಿನಸಿ ಅಂಗಡಿ. ಅಡುಗೆಮನೆ ಕೆಳಗಿನ ಅಂತಸ್ತಿನಲ್ಲಿ, ಶೌಚ ಹಿತ್ತಲಲ್ಲಿ. 1900ರಲ್ಲಿ ಸಿಡ್ನಿಗೆ ಪ್ಲೇಗ್ ಬಂದಾಗ ಸರ್ಕಾರ ಇಡೀ ಪ್ರದೇಶವನ್ನು ವಶಪಡಿಸಿಕೊಂಡು ಅನೇಕ ಮನೆಗಳನ್ನು ಕೆಡವಿತು. ಈ ಸಾಲು ಉಳಿಯಿತು. 1970ರ ದಶಕದ ಆರಂಭದಲ್ಲಿ ದಿ ರಾಕ್ಸ್ ಅನ್ನು ಕೆಡವಿ ಗಗನಚುಂಬಿ ಕಟ್ಟಡ ಎಬ್ಬಿಸುವ ಯೋಜನೆಗೆ ಸ್ಥಳೀಯರು ಮತ್ತು ಜಾಕ್ ಮಂಡಿ ಅವರ ಕಟ್ಟಡ ಕಾರ್ಮಿಕರ ಸಂಘ ಅಂಥ ಕೆಲಸ ಮಾಡಲು ನಿರಾಕರಿಸುವ ‘ಹಸಿರು ನಿಷೇಧ’ ಹೂಡಿ ತಡೆಯೊಡ್ಡಿದರು. ನೂರಕ್ಕೂ ಹೆಚ್ಚು ಕುಟುಂಬಗಳು ಬಾಳಿದ ಈ ಸಾಲು 1993ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಂಗಡಿಯನ್ನು 20ನೇ ಶತಮಾನದ ಆರಂಭದ ರೂಪದಲ್ಲಿ ಮರಳಿ ಸಜ್ಜುಗೊಳಿಸಲಾಗಿದೆ.

ಪೈಪೋಟಿ, ಅವನತಿ, ಉಳಿವು

ಮೂಲೆ ಅಂಗಡಿಯ ಎದುರಾಳಿಗಳು ವಿಕ್ಟೋರಿಯಾ ಕಾಲದಲ್ಲೇ ಹುಟ್ಟಿಕೊಂಡರು. ರಾಚ್‌ಡೇಲ್‌ನ ಟೋಡ್ ಲೇನ್‌ನಲ್ಲಿ 1844ರ ಡಿಸೆಂಬರ್ 21ರಂದು ಸಹಕಾರಿಗಳು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್‌ಹಿಟ್ಟುಗಳ ಅಂಗಡಿ ತೆರೆದರು. ಸಾಲವಿಲ್ಲದ ನಗದು ವ್ಯಾಪಾರ, ಶುದ್ಧ ಸರಕು, ಖರೀದಿಗೆ ತಕ್ಕ ಲಾಭಾಂಶ ಅವರ ನಿಯಮ. 1869ರಲ್ಲಿ ಲಂಡನ್ನಿನ ಡ್ರೂರಿ ಲೇನ್‌ನಲ್ಲಿ ಸೇನ್ಸ್‌ಬರಿ, 1871ರಲ್ಲಿ ಗ್ಲಾಸ್ಗೋದಲ್ಲಿ ಥಾಮಸ್ ಲಿಪ್ಟನ್ ಅಂಗಡಿ ಆರಂಭಿಸಿ ಊರೂರಿಗೆ ಶಾಖೆ ಹರಡಿದರು. ದರದಲ್ಲಿ ಇವರನ್ನು ಗೆಲ್ಲಲಾಗದಿದ್ದರೂ ಮೂಲೆ ಅಂಗಡಿ ಸಾಲ, ಸಾಮೀಪ್ಯ, ದೀರ್ಘ ಹೊತ್ತುಗಳ ಬಲದಿಂದ ಉಳಿಯಿತು. ಎಷ್ಟೋ ಕಡೆ ಉಪ ಅಂಚೆ ಕಚೇರಿಯೂ ಅದೇ ಗಲ್ಲೆಯ ಮೇಲೆ ನಡೆಯಿತು. ಗ್ರಾಂಥಮ್ ಊರಿನ ಅಂಥದೊಂದು ಮೂಲೆ ದಿನಸಿ ಅಂಗಡಿಯ ಮೇಲೆ 1925ರಲ್ಲಿ ಹುಟ್ಟಿದವರು ಮುಂದೆ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್.

ಗಿರಾಕಿಯೇ ಸರಕು ಆರಿಸಿಕೊಳ್ಳುವ ಅಂಗಡಿಗಳು ಎರಡನೇ ಮಹಾಯುದ್ಧದ ನಂತರ ಹರಡಿದವು. ಸೇನ್ಸ್‌ಬರಿಯ ಮೊದಲ ಅಂಥ ಮಳಿಗೆ 1950ರಲ್ಲಿ ಕ್ರಾಯ್ಡನ್‌ನಲ್ಲಿ ತೆರೆಯಿತು. ಅದೇ ದಶಕಗಳಲ್ಲಿ ಕೊಳೆಗೇರಿ ತೆರವು ಹಳೆಯ ಸಾಲುಮನೆಗಳನ್ನು ನೆಲಸಮ ಮಾಡಿದಾಗ ಮೂಲೆ ಅಂಗಡಿಗಳೂ ಹೋದವು. ಉಳಿದವುಗಳಿಗೆ ಹೊಸ ಜೀವ ಕೊಟ್ಟವರಲ್ಲಿ ದಕ್ಷಿಣ ಏಷ್ಯಾ ಮೂಲದ ಕುಟುಂಬಗಳು ಮುಖ್ಯ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಹೊರಹಾಕಿದ ಏಷ್ಯನ್ನರಲ್ಲಿ ಸುಮಾರು 27,000 ಜನ ಬ್ರಿಟನ್ನಿಗೆ ಬಂದರು. ಅವರಲ್ಲಿ ಗುಜರಾತಿ ವ್ಯಾಪಾರಿ ಮನೆತನಗಳು ಅನೇಕ. ಕೆಳಗೆ ಅಂಗಡಿ, ಮೇಲೆ ಮನೆ, ಮನೆಮಂದಿಯೆಲ್ಲ ಗಲ್ಲೆಯ ಹಿಂದೆ ಎಂಬ ಏರ್ಪಾಡಿಗೆ ನೂರು ವರ್ಷದ ಹಿಂದಿನ ಆ ಕಟ್ಟಡ ಅವರಿಗೂ ಹೊಂದಿಕೊಂಡಿತು.

ಇಂದು ಕೆಲವು ಅಂಗಡಿಮನೆಗಳು ಸಂರಕ್ಷಿತ ಕಟ್ಟಡಗಳು. ಬರ್ಮಿಂಗ್‌ಹ್ಯಾಮ್‌ನ ಹರ್ಸ್ಟ್ ಮತ್ತು ಇಂಜ್ ಬೀದಿಗಳ ಮೂಲೆಯ ಹಳೆಯ ಕಾರ್ಮಿಕ ಮನೆಗಳನ್ನು, ಅವುಗಳ ಅಂಗಡಿಗಳ ಸಮೇತ, ನ್ಯಾಷನಲ್ ಟ್ರಸ್ಟ್ 2004ರಿಂದ ಸಾರ್ವಜನಿಕರಿಗೆ ತೆರೆದಿದೆ. ಇನ್ನು ಅನೇಕ ಈಗ ಬರಿ ಮನೆಗಳಾಗಿವೆ. ಅವುಗಳ ಹಿಂದಿನ ಬದುಕನ್ನು ಗುರುತಿಸುವುದು ಕಷ್ಟವಲ್ಲ. ಓರೆ ಮೂಲೆಯಲ್ಲಿ ಇಟ್ಟಿಗೆಯಿಂದ ಮುಚ್ಚಿದ ಬಾಗಿಲು, ಸುತ್ತಲಿನವಕ್ಕಿಂತ ಹೊಸದಾಗಿ ಕಾಣುವ ನೆಲ ಅಂತಸ್ತಿನ ಗೋಡೆ, ಅದರ ಮೇಲೆ ಕಾರಣವಿಲ್ಲದೆ ಚಾಚಿಕೊಂಡಂತಿರುವ ಕಾರ್ನಿಸ್, ಅಂಚಿನಲ್ಲಿ ಏನನ್ನೂ ಹೊರದೆ ಉಳಿದ ಬೋದಿಗೆ, ಪಕ್ಕದ ಬೀದಿಯಲ್ಲಿ ಇಂದಿಗೂ ಬಳಕೆಯಲ್ಲಿರುವ ಮನೆಬಾಗಿಲು: ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಅಲ್ಲಿ ಒಂದು ಕಾಲಕ್ಕೆ ಅಂಗಡಿಯಿತ್ತೆಂದು ಹೇಳಬಹುದು.